ಎಂಜಿನ್ ಮೇಲಿನ ಗ್ಲಾಸು

ಉಸ್ತಾದರ ಕೆಮ್ಮನ್ನು ನಾನು ಉಸ್ತಾದರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಇದು ನನ್ನ ಮಾತಲ್ಲ, ಅವರ ಹೆಂಡತಿಯ ಮಾತು. ಒಮ್ಮೆ ಮಧ್ಯಾಹ್ನ ಶಹಾಬಾದಿನ ಅವರ ಮನೆಯ ಹೊರಗೆ ನಿಂತು ಖುಹ್, ಖುಹ್ ಎಂದು ಎರಡೇ ಸಲ ಕೆಮ್ಮಿದೆ. ಒಳಗಿನಿಂದ "ಬಂದ್ರಿ? ಕೈ ತೊಳಕೊಳ್ರಿ, ರೊಟ್ಟಿ ಹಾಕ್ತೀನಿ" ಎಂದರು. ನಾನು ಕೈ ತೊಳೆದುಕೊಂಡು ಹೋಗಿ ಕೂತೆ. ತಾಟು ಇಟ್ಟ ಮೇಲೆ ಮುಖ ನೋಡಿದವರು "ನಿನ್ನ ಬಾಯಾಗ ಮಣ್ಣ ಬೀಳ್ಲಿ" ಎಂದು ಬೈದು, ಒಂದು ರೊಟ್ಟಿ ಹೆಚ್ಚಿಗೆ ಹಾಕಿದರು.

ಹೋದ ತಿಂಗಳು ಉಸ್ತಾದರು ಚಂದಾಪುರದಲ್ಲಿ, ಮಗನ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಮುಗಿಸಿಕೊಂಡು ಬಂದು ಎಲ್ಲರೂ ಚಹಾ ಕುಡಿಯುತ್ತ ನಿಂತಾಗ ಹಳೆಯ ಡ್ರೈವರ್ ಒಬ್ಬರು ನನ್ನ ಭುಜ ಹಿಡಿದು, "ಏ, ಉಸ್ತಾದ್ರು ಕೆಮ್ಮೋದು ಒಂದ್ಸಲ ಮಾಡಪ್ಪಾ. ಕೇಳಿ ಭಾಳ ದಿವ್ಸ ಆಯ್ತು" ಎಂದರು. ಗಂಟಲು ಸರಿ ಮಾಡಿಕೊಂಡೆ. ಬರಲಿಲ್ಲ. "ಪಾಪ, ಭಾಳ ಹಚ್ಕೊಂಡಿದ್ದ" ಎಂದು ಅವರೇ ಕಣ್ಣು ಒರೆಸಿಕೊಂಡರು.

ಹಚ್ಚಿಕೊಂಡಿದ್ದು ನಿಜ. ಆದರೆ ಕೆಮ್ಮು ಬಾರದ್ದು ಅಷ್ಟಕ್ಕೇ ಅಲ್ಲ.

ಅವರಿಗೆ ಒಂದು ಹೆಸರಿತ್ತು, ಆಧಾರ್ ಕಾರ್ಡಿನಲ್ಲಿ. ಹೊರಗೆ ಯಾರೂ ಅದನ್ನು ಬಳಸಿದ್ದು ನಾನು ಕೇಳಿಲ್ಲ. ವಾಡಿಯ ಒಬ್ಬ ಮುಸಲ್ಮಾನ ಮೆಕ್ಯಾನಿಕ್ ಹತ್ತಿರ ಕೆಲಸ ಕಲಿತವರು. ಆ ಗುರು ತೀರಿಕೊಂಡ ಮೇಲೆ, ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆಯ ಜೊತೆ ಉಸ್ತಾದ್ ಎಂಬ ಹೆಸರೂ ಇವರಿಗೆ ಬಂತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಅರ್ಧ ಉರ್ದು, ಅಂಗಿಯ ಜೇಬಿನಲ್ಲಿ ಕಟ್ಟಿಗೆ ಹಿಡಿಯ ಒಂದು ಉದ್ದನೆಯ ಸ್ಕ್ರೂಡ್ರೈವರ್. ಅಂಗಡಿ ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯ ಬದಿ. ಮೇಲೆ ತಗಡು, ಕೆಳಗೆ ನಮ್ಮ ಕಡೆಯ ಹಾಸುಗಲ್ಲು. ಬೇರೆ ಊರಿನವರು ದೇವರಮನೆಗೆ ಹಾಸಿಕೊಳ್ಳುವ ಕಲ್ಲಿನ ಮೇಲೆ ಇವರು ವರ್ಷಗಟ್ಟಲೆ ಆಯಿಲ್ ಚೆಲ್ಲಿದ್ದರು, ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ನಾನು ಬಾಚಿಕೊಂಡಿದ್ದೇನೆ.

ನಾನು ವಾಡಿಯವನು. ಡಿಗ್ರಿ ಮುಗಿಸಿ, ಕೆಲಸ ಹುಡುಕುತ್ತೇನೆ ಎಂದು ಮನೆಯಲ್ಲಿ ಹೇಳುತ್ತ, ಶಾಲೆ ಗ್ಯಾದರಿಂಗುಗಳಲ್ಲಿ, ಮದುವೆಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದೆ. ವಾಡಿ ಸ್ಟೇಷನ್ನಿನ ಅನೌನ್ಸ್‌ಮೆಂಟು, ಸಿಮೆಂಟ್ ಲಾರಿಯ ಹಾರ್ನು, ನಮ್ಮ ಹೆಡ್‌ಮಾಸ್ತರು, ನಮ್ಮಪ್ಪ. ಅಪ್ಪನ ದನಿ ತೆಗೆದಾಗ ಮಾತ್ರ ಚಪ್ಪಾಳೆ ಸಭೆಯಿಂದ ಬರದೆ ನೇರವಾಗಿ ಬೆನ್ನಿಗೆ ಬೀಳುತ್ತಿತ್ತು.

ಉಸ್ತಾದರ ಪರಿಚಯವೂ ಬಾಯಿಂದಲೇ ಆಯಿತು. ಚಿಮ್ಮನಚೋಡಕ್ಕೆ ಒಂದು ಮದುವೆಗೆ ಹೋಗಿದ್ದಾಗ ಸೋದರಮಾವನ ಕಾರು ನಿಂತಲ್ಲೇ ನಡುಗತೊಡಗಿತು. ಮಾವ ಉಸ್ತಾದರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಉಸ್ತಾದ್ರ, ರೇಸ್ ಕೊಟ್ರ ಸರಿ ಹೋಗ್ತದ, ಬಿಟ್ರ ನಡುಗಿ ಬಂದ್ ಬೀಳ್ಲಿಕತ್ತದ."

"ನಡುಗ್ತದಂದ್ರ ನಾ ಏನ್ ತಿಳ್ಕೊಬೇಕು? ಚಳಿಗಿ ನಡುಗ್ತದೋ, ಅಂಜಿ ನಡುಗ್ತದೋ? ಫೋನ್ ಎಂಜಿನ್ ಹತ್ರ ಹಿಡಿ."

ಮಾವ ಹಿಡಿದರು. ಅವರ ಫೋನಿನಲ್ಲಿ ಮನುಷ್ಯರ ಮಾತೇ ಸರಿಯಾಗಿ ಹೋಗುತ್ತಿರಲಿಲ್ಲ, ಎಂಜಿನ್ ಎಲ್ಲಿಂದ ಹೋದೀತು. ಉಸ್ತಾದರು ಆ ಕಡೆಯಿಂದ ಬೈಯತೊಡಗಿದರು. ನಾನು ಫೋನ್ ಕಸಿದುಕೊಂಡು, ಕಾರು ಮಾಡುತ್ತಿದ್ದ ಸಪ್ಪಳವನ್ನು ಹಾಗೇ ಬಾಯಿಂದ ಮಾಡಿದೆ. ಆ ಕಡೆಯಿಂದ ಖುಹ್, ಖುಹ್.

"ಯಾಂವ ಇಂವ?"

"ನನ್ನ ಅಳಿಯ ಇದ್ದಾನ್ರಿ," ಎಂದರು ಮಾವ, ಕ್ಷಮೆ ಕೇಳುವ ದನಿಯಲ್ಲಿ.

"ಬರೋಬ್ಬರಿ ಇಲ್ಲ. ಇನ್ನೊಮ್ಮೆ ಮಾಡಂತ ಹೇಳು. ನಡುವ ಉಸುರು ತಗೊಬ್ಯಾಡಂತ ಹೇಳು, ಗಾಡಿ ಉಸುರು ತಗೊಳಲ್ಲ."

ಉಸಿರು ಬಿಗಿ ಹಿಡಿದು ಇನ್ನೊಮ್ಮೆ ಮಾಡಿದೆ. ಮದುವೆಗೆ ಬಂದವರು ಊಟ ಬಿಟ್ಟು ಸುತ್ತ ನಿಂತಿದ್ದರು.

"ಗಾಳಿ ಜಗ್ಲಿಕತ್ತದ," ಎಂದರು ಉಸ್ತಾದರು. "ಕಾರ್ಬುರೇಟರ್ ಕೆಳಗ ಒಂದು ರಬ್ಬರ್ ನಳಿ ಬಿಚ್ಚಿರ್ತದ. ಹುಡುಕು."

ಬಿಚ್ಚಿತ್ತು. ಸಿಕ್ಕಿಸಿದೆವು. ನಡುಕ ನಿಂತಿತು. ಅವತ್ತಿನಿಂದ ನಾನು ಅವರಿಗೆ "ಟೇಪು". ಸೇಡಂ ಕಡೆಯಿಂದ, ಕೊಡ್ಲಿಯಿಂದ ಯಾರಾದರೂ ಬಂದು ಗಾಡಿ ಹೀಗೆ ಮಾಡುತ್ತದೆ, ಹಾಗೆ ಮಾಡುತ್ತದೆ ಎಂದು ಕೈ ಆಡಿಸಿ ಹೇಳತೊಡಗಿದರೆ, ಅವರನ್ನು ತಡೆದು, ನನ್ನನ್ನು ಅವರ ಊರಿಗೆ ಬೈಕಿನಲ್ಲಿ ಕಳಿಸುತ್ತಿದ್ದರು. ನಾನು ಹೋಗಿ, ಕೇಳಿ, ವಾಪಸ್ ಬಂದು ಮಾಡಿ ತೋರಿಸಬೇಕು. "ಟೇಪು, ಹಚ್ಚು" ಎನ್ನುತ್ತಿದ್ದರು. ಹಚ್ಚುತ್ತಿದ್ದೆ. ಕಣ್ಣು ಮುಚ್ಚಿ ಕೇಳಿ, ಎರಡು ಸಲ ಕೆಮ್ಮಿ, "ಬರೋಬ್ಬರಿ ಇಲ್ಲ" ಎಂದು, ಆಮೇಲೆ ರೋಗದ ಹೆಸರು ಹೇಳುತ್ತಿದ್ದರು. ರೋಗ ಪ್ರತಿ ಸಲ ಬರೋಬ್ಬರಿ ಇರುತ್ತಿತ್ತು. ನನ್ನ ನಕಲು ಒಂದು ಸಲವೂ ಇರಲಿಲ್ಲ. ಊರೆಲ್ಲ ನನ್ನ ಮಿಮಿಕ್ರಿಗೆ ಬಿದ್ದು ನಗುವಾಗ, ಈ ಒಬ್ಬ ಮನುಷ್ಯನ ಬಾಯಿಂದ ಒಂದು "ಬರೋಬ್ಬರಿ" ಕೇಳಬೇಕು ಎಂಬ ಹುಚ್ಚು ನನಗೆ ಹಿಡಿಯಿತು.

ಅವರು ಗಾಡಿ ನೋಡುವ ರೀತಿಯೇ ಬೇರೆ. ಬೇರೆ ಮೆಕ್ಯಾನಿಕ್‌ಗಳು ಬಾನೆಟ್ ತೆಗೆದ ಕೂಡಲೇ ಭರ್ರೆಂದು ರೇಸ್ ಕೊಡುತ್ತಾರೆ. ಇವರು ಮುಟ್ಟುತ್ತಿರಲಿಲ್ಲ. "ಜೋರಾಗಿ ಮಾತಾಡುವಾಗ ಯಾರ ಸುಳ್ಳೂ ತಿಳಿಯಲ್ಲ. ಮೆಲ್ಲಗ ಮಾತಾಡ್ಲಿಕ್ಕೆ ಹಚ್ಚು, ಆವಾಗ ಎಲ್ಲಾ ಹೊರಗ ಬರ್ತದ" ಎನ್ನುತ್ತಿದ್ದರು. ಎಂಜಿನ್ ತನ್ನ ಪಾಡಿಗೆ ನಿಧಾನ ಓಡುವಾಗ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ, ಹಿಡಿಯನ್ನು ತಮ್ಮ ಕಿವಿಗೆ ಇಟ್ಟುಕೊಂಡು ಬಗ್ಗಿ ನಿಲ್ಲುತ್ತಿದ್ದರು. ಆಗ ಅವರ ಮುಖ, ಬಾಗಿಲ ಸಂದಿಯಿಂದ ಪಕ್ಕದ ಮನೆಯ ಜಗಳ ಕೇಳುವವರ ಮುಖ.

ಒಮ್ಮೆ ಒಬ್ಬ ಗುತ್ತಿಗೆದಾರ ತನ್ನ ಕಾರು ತಂದ. ಬೇರೆ ಕಡೆ ರಿಪೇರಿ ಆಗಿದೆ, ಈಗ ಬಂದ್ ಬೀಳುವುದಿಲ್ಲ, ಆದರೂ ಏನೋ ಸರಿ ಇಲ್ಲ ಎಂದ. ಉಸ್ತಾದರು ಕಾರ್ಬುರೇಟರಿನ ಪಕ್ಕದ ಒಂದು ಸಣ್ಣ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದರು. ಕಾರು ಗಡಗಡ ನಡುಗಿತು.

"ನೋಡ್ರಿ ಸಾಹೇಬ್ರ. ಗಾಡಿ ಸರಿ ಮಾಡಿಲ್ಲ, ಈ ಸ್ಕ್ರೂ ಏರ್ಸಿ ರೇಸ್ ಹೆಚ್ಚಿಗಿ ಇಟ್ಟಾರ. ಜ್ವರ ಬಂದವನ್ನ ಓಡ್ಸಿ, ಬೆವರ ಬಂತು ನೋಡು, ಜ್ವರ ಬಿಟ್ಟದ ಅಂದಂಗ." ಆಮೇಲೆ ಕೈ ಒರೆಸಿಕೊಳ್ಳುತ್ತ, "ಇದಕ್ಕ ರಿಪೇರಿ ಅನ್ನಲ್ರಿ. ಇದಕ್ಕ ಮೋಸ ಅಂತಾರ" ಎಂದರು. ಈ ಮಾತನ್ನು ನಾನು ಅವರ ದನಿಯಲ್ಲೇ ಎಷ್ಟೋ ವೇದಿಕೆಗಳ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ನೋಡಲು, ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತಿದ್ದರು. ಒಳ್ಳೆಯ ಸಿಲಿಂಡರಿನ ವೈರು ಕಿತ್ತರೆ ಎಂಜಿನ್ ಕುಸಿಯುತ್ತದೆ. ಕೆಟ್ಟದ್ದರ ವೈರು ಕಿತ್ತರೆ ಏನೂ ಆಗುವುದಿಲ್ಲ. "ಮನ್ಯಾಗಿಂದ ಒಬ್ಬಾಂವ ಹೊರಗ ಹೋದ್ರೂ ಮನಿಗಿ ಗೊತ್ತೇ ಆಗ್ಲಿಲ್ಲಂದ್ರ, ಅಂವ ದುಡೀಲಿಕತ್ತಿದ್ದಿಲ್ಲಂತ ತಿಳಿ" ಎಂದು ನನ್ನ ಕಡೆ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಆ ವೈರು ನಾನೇ ಎಂಬುದು ಅವರಿಗೆ ಗೊತ್ತಿತ್ತು.

ಎಲ್ಲ ಮುಗಿದ ಮೇಲೆ ಚಹಾ. ಎದುರಿನ ಹೋಟೆಲಿನಿಂದ ಚಹಾ ತರಿಸಿ, ಗ್ಲಾಸಿನ ಅಂಚಿನವರೆಗೆ, ಇನ್ನೊಂದು ಹನಿ ಬಿದ್ದರೆ ಚೆಲ್ಲಬೇಕು ಅಷ್ಟು ತುಂಬಿಸಿ, ಓಡುತ್ತಿರುವ ಎಂಜಿನ್ನಿನ ನೆತ್ತಿಯ ಮೇಲೆ ಇಡುತ್ತಿದ್ದರು. ಗಾಡಿಯ ಮಾಲೀಕ ಉಸಿರು ಹಿಡಿದು ನೋಡಬೇಕು. ಒಂದು ಹನಿ ಚೆಲ್ಲಿದರೂ ಮತ್ತೆ ಪಾನಾ ಕೈಗೆ. ಚೆಲ್ಲದಿದ್ದರೆ ಅದೇ ಗ್ಲಾಸನ್ನು ಮಾಲೀಕನ ಕೈಗೆ ಕೊಟ್ಟು, "ಕುಡ್ರಿ. ಪಾಸಾಯ್ತು" ಎನ್ನುತ್ತಿದ್ದರು. ನಮ್ಮ ನಾಲ್ಕೈದು ಊರುಗಳಲ್ಲಿ ಹಳೆ ಕಾರು ಕೊಳ್ಳುವವರು ಕಾಗದಪತ್ರ ಆಮೇಲೆ ನೋಡುತ್ತಿದ್ದರು, ಮೊದಲು ಕೇಳುತ್ತಿದ್ದುದು, "ಉಸ್ತಾದ್ರ ಚಹಾ ಆಗ್ಯದೇನು?"

ಇನ್ನೊಂದು ಪದ್ಧತಿ ಹೊರಗಿನವರಿಗೆ ಗೊತ್ತಿರಲಿಲ್ಲ. ಅವರು ಎಂಜಿನ್ ಬಿಚ್ಚಿದರೆ, ಮೇಲಿನ ಮುಚ್ಚಳದ ಒಳಬದಿಗೆ ಮೊಳೆಯಿಂದ ಮೂರು ಅಡ್ಡಗೆರೆ ಎಳೆಯುತ್ತಿದ್ದರು, ವಿಭೂತಿಯ ಹಾಗೆ. ಅದರ ಕೆಳಗೆ ಚುಕ್ಕಿ. ಒಂದನೇ ಸಿಲಿಂಡರಿನ ವಾಲ್ವು ಕೆಟ್ಟಿದ್ದರೆ ಒಂದು, ಎರಡನೆಯದಾದರೆ ಎರಡು. ರಿಪೇರಿ ಮಾಡಿದ ಮೇಲೆ ಚುಕ್ಕಿಗಳ ಮೇಲೆ ಒಂದು ಗೆರೆ ಹೊಡೆಯುತ್ತಿದ್ದರು.

"ಒಳಗ ಬರ್ದ್ರ ಯಾರು ಓದ್ತಾರ್ರಿ?" ಎಂದು ಕೇಳಿದ್ದೆ.

"ಮುಂದ ಯಾಂವ ಬಿಚ್ತಾನೋ ಅಂವ ಓದ್ತಾನ. ನಾ ಇರ್ತೀನೋ ಇಲ್ಲೋ. ಅಂವ ಮತ್ತ ಮೊದ್ಲಿಂದ ಹುಡುಕಬಾರ್ದು."

ಇಷ್ಟು ಗೊತ್ತಿದ್ದ ನಾನು ಒಂದು ಕಾರು ಕೊಂಡೆ.

ವಾಡಿ, ಚಿತ್ತಾಪುರಗಳಿಂದ ಸೇಡಂ ಕಡೆಯ ಹಳ್ಳಿ ಶಾಲೆಗಳಿಗೆ ದಿನವೂ ಹೋಗಿ ಬರುವ ನಾಲ್ವರು ಟೀಚರುಗಳಿದ್ದರು. ಬಸ್ಸಿಗೆ ಕಾದು ಸಾಕಾಗಿ, ನೀನು ಒಂದು ಗಾಡಿ ಮಾಡಿದರೆ ನಿನ್ನದರಲ್ಲೇ ಬರುತ್ತೇವೆ ಎಂದಿದ್ದರು. ನನ್ನ ಜೀವನದ ಮೊದಲ ನೌಕರಿ ಅದೇ ಆಗುವುದಿತ್ತು. ಉಸ್ತಾದರಿಗೆ ಹೇಳಿದೆ. ಅವರು ಎರಡು ದಿನ ಬಿಟ್ಟು, "ಚಿತ್ತಾಪುರದಾಗ ನಮ್ಮ ಬೀಗರದು ಒಂದು ಸಣ್ಣ ಕಾರದ. ಕೊಡ್ತಾರಂತ" ಎಂದರು. ಬೀಗರೆಂದರೆ ಅವರ ಮಗಳನ್ನು ಕೊಟ್ಟ ಮನೆಯವರು. ಬೇರೆ ಊರಿನವರಾದರೆ ಇಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದರೇನೋ. ನಮ್ಮಲ್ಲಿ ಹಾಗಲ್ಲ. ಉಸ್ತಾದರ ಬೀಗರ ಗಾಡಿ ಎಂದರೆ ಎರಡು ಸಲ ಪಾಸಾದ ಗಾಡಿ ಎಂದುಕೊಂಡು ಖುಷಿಯಿಂದ ಕುಣಿದೆ.

ಬೀಗರು ಗಾಡಿ ತಂದ ದಿನ ಉಸ್ತಾದರು ಎದ್ದು ನಿಂತರು. ಯಾವ ಸಾಹೇಬ ಬಂದರೂ ಕೂತಲ್ಲಿಂದಲೇ "ಬರ್ರಿ, ಕುಂದ್ರಿ" ಎನ್ನುವ ಮನುಷ್ಯ ಓಡಿ ಹೋಗಿ ಕುರ್ಚಿ ಒರೆಸಿ ಇಟ್ಟರು. ಬೀಗರು ಕೂತು, ಕಾಲ ಮೇಲೆ ಕಾಲು ಹಾಕಿ, "ಬೇಗ ಮುಗಿಸ್ರಿ ಬೀಗರ, ನನಗ ಕೆಲಸ ಅದ" ಎಂದರು. ಉಸ್ತಾದರು ಎರಡು ಸಲ ಅಲ್ಲ, ಐದಾರು ಸಲ ಕೆಮ್ಮಿದರು. ಗಾಡಿ ಚಾಲೂ ಮಾಡಿದರು. ಸ್ಕ್ರೂಡ್ರೈವರ್ ಜೇಬಿನಲ್ಲೇ ಉಳಿಯಿತು. ಚಹಾ ಬಂತು. ಗ್ಲಾಸು ಎಂಜಿನ್ ಮೇಲೆ ಇಟ್ಟರು.

ಗ್ಲಾಸು ತುಂಬಿರಲಿಲ್ಲ.

ನಾನು ನೋಡಿದೆ. ನೋಡದೆ ಇರಲು ನನಗೆ ಬರುವುದಿಲ್ಲ. ನಕಲು ಮಾಡುವವನ ಕಣ್ಣು ಅದು. ನೋಡಿ ಏನು ಮಾಡಿದೆ? ಜೋಕು ಮಾಡಿದೆ. "ಯಾಕ್ರಿ ಉಸ್ತಾದ್ರ, ಗಾಡಿಗಿ ಸಕ್ಕರಿ ಬ್ಯಾನಿ ಅದೇನು, ಇಷ್ಟೇ ಚಹಾ ಹಾಕೀರಿ?" ಎಂದೆ. ಬೀಗರು ನಕ್ಕರು. ಉಸ್ತಾದರೂ ನಕ್ಕರು, ನನ್ನ ಕಡೆ ನೋಡದೆ. ಚಹಾ ಚೆಲ್ಲಲಿಲ್ಲ. ಅಷ್ಟು ಕೆಳಗಿದ್ದ ಚಹಾ ಬಂಡಿಯ ಮೇಲಿಟ್ಟರೂ ಚೆಲ್ಲುತ್ತಿರಲಿಲ್ಲ. "ಕುಡಿ, ಪಾಸಾಯ್ತು" ಎಂದು ನನ್ನ ಕೈಗೆ ಕೊಟ್ಟರು. ಒಂದೇ ಗುಟುಕಿಗೆ ಮುಗಿಯಿತು.

ಮೊದಲ ವಾರ ಗಾಡಿ ಚೆನ್ನಾಗಿ ಓಡಿತು. ಸ್ವಲ್ಪ ಜೋರಾಗಿಯೇ ಓಡಿತು. ಗೇರಿನಿಂದ ತೆಗೆದರೂ ಎಂಜಿನ್ ರೇಗುತ್ತಲೇ ಇರುತ್ತಿತ್ತು. ಪೆಟ್ರೋಲು ಬಹಳ ಕುಡಿಯುತ್ತದೆ ಎಂದಾಗ ಉಸ್ತಾದರು ಆ ಸಣ್ಣ ಸ್ಕ್ರೂ ಸ್ವಲ್ಪ ಇಳಿಸಿದರು. ಅಲ್ಲಿಂದ ಶುರುವಾಯಿತು. ವಾಡಿಯ ರೈಲ್ವೆ ಗೇಟಿನ ಹತ್ತಿರ ರಸ್ತೆಯ ಹಂಪು, ಎಂಜಿನ್ ಬಿಸಿಯಾಗಿರುವ ಹೊತ್ತು, ಬ್ರೇಕ್ ಒತ್ತಿ ನಿಧಾನ ಮಾಡಿದರೆ ಸಾಕು, ಡುಗು-ಡುಗು-ಪುಸ್, ಡುಗು-ಡುಗು-ಪುಸ್, ಇಡೀ ಗಾಡಿ ನಡುಗಿ, ಇನ್ನೇನು ಬಂದ್ ಬೀಳಬೇಕು. ಕೆಲವು ಸಲ ಬಂದ್ ಬೀಳುತ್ತಲೂ ಇತ್ತು. ಹಿಂದೆ ಸಿಮೆಂಟ್ ಲಾರಿಗಳ ಸಾಲು. ಆ ಹಾರ್ನುಗಳನ್ನು ಮಿಮಿಕ್ರಿ ಮಾಡುತ್ತಿದ್ದವನಿಗೆ ಅವು ನಿಜವಾಗಿ ಹೇಗೆ ಕೇಳುತ್ತವೆ ಎಂದು ಆಗ ತಿಳಿಯಿತು.

ಉಸ್ತಾದರಿಗೆ ಫೋನ್ ಮಾಡಿ ಆ ಸಪ್ಪಳ ಮಾಡಿ ತೋರಿಸಿದೆ.

"ಬರೋಬ್ಬರಿ ಇಲ್ಲ," ಎಂದರು. ಆದರೆ ಇನ್ನೊಮ್ಮೆ ಮಾಡು ಎನ್ನಲಿಲ್ಲ. "ಆ ಪುಸ್ ಅಂತಿಯಲ್ಲ, ಅದು ನಿನ್ನ ಬಾಯಿದು, ಗಾಡೀದಲ್ಲ. ಸ್ಟೇಜ್ ಮ್ಯಾಲ ಮಾಡಿ ಮಾಡಿ ಮಸಾಲಿ ಹಾಕೋದು ಚಟ ಆಗ್ಯದ ನಿನಗ."

ಗಾಡಿ ತೆಗೆದುಕೊಂಡು ಹೋದೆ. ಹತ್ತು ಹೆಜ್ಜೆ ಓಡಿಸಿ ನೋಡಿ ಇಳಿದರು.

"ಗಾಡಿಗಿ ಏನೂ ಆಗಿಲ್ಲ. ನಿನ್ನ ಕಾಲು ಸರಿ ಇಲ್ಲ."

"ಕಾಲಿಗೇನಾಗ್ಯದ್ರಿ?"

"ಬ್ರೇಕ್ ಒಮ್ಮೆಲೇ ಒತ್ತತಿ, ಕ್ಲಚ್ ತಡಾ ಒತ್ತತಿ. ಎಂಜಿನ್ ಕುತ್ಗಿ ಹಿಸುಕಿದಂಗ ಆಗ್ತದ. ಬಲಗಾಲು ಅಡ್ಡ ಇಡು. ಬೆರಳು ಬ್ರೇಕ್ ಮ್ಯಾಲ, ಹಿಮ್ಮಡ ರೇಸ್ ಮ್ಯಾಲ. ಬ್ರೇಕ್ ಒತ್ತುವಾಗೂ ಸ್ವಲ್ಪ ರೇಸ್ ಬಿಡಬ್ಯಾಡ. ಅಲ್ಲೇ ಕುಂತು ಕಲಿ."

ಕಲಿತೆ. ಅವರೇ ಪಕ್ಕದಲ್ಲಿ ಕೂತು, ನನ್ನ ಪಾದ ಹಿಡಿದು ತಿರುಗಿಸಿ ಇಟ್ಟು ಕಲಿಸಿದರು. ಎಷ್ಟು ತಾಳ್ಮೆಯಿಂದ ಕಲಿಸಿದರು ಎಂದು ನೆನೆದರೆ ಈಗ ಹೆಚ್ಚು ಸಿಟ್ಟು ಬರುತ್ತದೆ.

ತಪ್ಪು ನನ್ನ ಕಾಲಿನದೇ ಎಂದು ಪೂರ್ತಿ ನಂಬಿದೆ. ನಂಬಿ, ಅದನ್ನೇ ಒಂದು ಐಟಂ ಮಾಡಿಕೊಂಡೆ. ವೇದಿಕೆಯ ಮೇಲೆ ಒಂದು ಕಾಲಿನಲ್ಲಿ ಬ್ರೇಕು, ರೇಸು ಎರಡನ್ನೂ ಒತ್ತುತ್ತ ಕುಣಿಯುವ ಡ್ರೈವರ್. ಜನ ಬಿದ್ದು ಬಿದ್ದು ನಗುತ್ತಿದ್ದರು. ವಾಡಿಯಿಂದ ಸೇಡಂವರೆಗೆ ನನ್ನ ಕಾಲು ಪ್ರಸಿದ್ಧವಾಯಿತು. ಟೀಚರುಗಳೂ ಮೊದಮೊದಲು ನಕ್ಕರು. ಆಮೇಲೆ ಮೂರು ಸಲ ಪ್ರಾರ್ಥನೆ ಮುಗಿದ ಮೇಲೆ ಶಾಲೆ ತಲುಪಿ, ಒಂದು ದಿನ ಗೇಟು ಬೀಳುವ ಹೊತ್ತಿಗೆ ಹಳಿಯ ಹತ್ತಿರವೇ ಗಾಡಿ ಬಂದ್ ಬಿದ್ದು ನಾಲ್ವರೂ ಸೀರೆ ಎತ್ತಿಕೊಂಡು ಇಳಿದು ತಳ್ಳಬೇಕಾದಾಗ, ನಗಲಿಲ್ಲ. ಅವರಲ್ಲಿ ಹಿರಿಯ ಟೀಚರು, ನನಗೆ ಐದನೇ ಇಯತ್ತೆಯಲ್ಲಿ ಕಲಿಸಿದವರು, ಮರುದಿನ ಮನೆಗೇ ಬಂದು ಹೇಳಿದರು: "ತಮ್ಮಾ, ಬ್ಯಾಸರ ಮಾಡ್ಕೊಬ್ಯಾಡ. ನಿನ್ನ ಕಾಲು ಸರಿ ಆದ್ಮ್ಯಾಲ ಹೇಳು. ಮತ್ತ ಬರ್ತೀವಿ."

ನನ್ನ ಮೊದಲ ನೌಕರಿ ಹಾಗೆ ಮುಗಿಯಿತು. ಕಾಲು ಸರಿ ಇಲ್ಲ ಎಂಬ ಕಾರಣಕ್ಕೆ.

ಅವರು ಹೋದ ಮೇಲೆ ಅಂಗಳದಲ್ಲಿ ಗಾಡಿ ಚಾಲೂ ಮಾಡಿ, ಬಾನೆಟ್ ತೆಗೆದು, ಅದರ ಮುಂದೆ ನಿಂತೆ. ಒಳಗೆ ಯಾರೂ ಕೂತಿರಲಿಲ್ಲ. ಯಾರ ಕಾಲೂ ಎಲ್ಲೂ ಇರಲಿಲ್ಲ. ಎಂಜಿನ್ ಕಾದಂತೆ ಅದೇ ಸದ್ದು: ಡುಗು-ಡುಗು-ಪುಸ್. ನೂರು ಸಲ ನೋಡಿದ್ದ ಕೆಲಸವನ್ನು ಅವತ್ತು ಮೊದಲ ಸಲ ನನ್ನ ಗಾಡಿಗೆ ಮಾಡಿದೆ. ಮೊದಲನೇ ವೈರು ಕಿತ್ತೆ, ಎಂಜಿನ್ ಕುಸಿಯಿತು. ಎರಡನೆಯದು ಕಿತ್ತೆ, ಕುಸಿಯಿತು. ಮೂರನೆಯದು ಕಿತ್ತೆ. ಏನೂ ಆಗಲಿಲ್ಲ. ಒಬ್ಬ ಹೊರಗೆ ಹೋದದ್ದು ಮನೆಗೆ ಗೊತ್ತೇ ಆಗಲಿಲ್ಲ.

ಇಷ್ಟು ದಿನ ಯಾಕೆ ಕಿತ್ತು ನೋಡಿರಲಿಲ್ಲ ಎಂದು ನೀವು ಕೇಳಬಹುದು. ಉಸ್ತಾದರು ನೋಡಿದ ಗಾಡಿಯನ್ನು ಮತ್ತೊಮ್ಮೆ ನೋಡಲು ನಾನು ಯಾರು?

ಆಗಲೂ ನಾನು ಅವರ ಪರವೇ ವಾದ ಮಾಡಿದೆ. ವಯಸ್ಸಾಯಿತು, ಕಿವಿ ಮಂದವಾಗಿದೆ, ಅದಕ್ಕೇ ಆ ಪುಸ್ ಅವರಿಗೆ ಕೇಳಿಸಲಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾರೆ. ಅವರ ಮರ್ಯಾದೆ ಉಳಿಯಲಿ ಎಂದು ಶಹಾಬಾದ್ ಬಿಟ್ಟು ಸೇಡಂಗೆ ಹೋದೆ, ಯಾರಿಗೂ ತಿಳಿಯದ ಹಾಗೆ, ಕಳ್ಳನ ಹಾಗೆ.

ಸೇಡಂನ ಮೆಕ್ಯಾನಿಕ್ ಮಾತು ಕಡಿಮೆಯ ಮನುಷ್ಯ. ಮೂರನೇ ಪ್ಲಗ್ಗಿನ ತೂತಿಗೆ ಗೇಜು ಹಚ್ಚಿ ನೋಡಿ, "ವಾಲ್ವ್ ಸುಟ್ಟದ. ನಿಧಾನ ಓಡುವಾಗ ಗಾಳಿ ತಡೀಲಿಕ್ಕೆ ಆಗಲ್ಲ ಅದಕ್ಕ. ಜೋರಾಗಿ ಓಡುವಾಗ ಗೊತ್ತಾಗಲ್ಲ" ಎಂದ. ಮೇಲಿನ ಮುಚ್ಚಳ ಬಿಚ್ಚಿ ತಿರುವಿ ಹಾಕಿದ. ಬಟ್ಟೆಯಿಂದ ಆಯಿಲ್ ಒರೆಸಿದ.

"ಇದೇನ್ರಿ, ವಿಭೂತಿ ಹಚ್ಯಾರ?"

ಮೂರು ಅಡ್ಡಗೆರೆ. ಕೆಳಗೆ ಮೂರು ಚುಕ್ಕಿ. ಚುಕ್ಕಿಗಳ ಮೇಲೆ ಗೆರೆ ಹೊಡೆದಿರಲಿಲ್ಲ.

ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಕಿವಿ ಮಂದವಾಗಿರಲಿಲ್ಲ. ಗಾಡಿ ನನ್ನ ಕೈಗೆ ಬರುವ ಮೊದಲೇ ಅದನ್ನು ಬಿಚ್ಚಿದ್ದರು, ನೋಡಿದ್ದರು, ಬರೆದಿದ್ದರು. ಬೀಗರು ರಿಪೇರಿ ಬೇಡ, ಮಾರಿಬಿಡುತ್ತೇನೆ ಎಂದಿರಬೇಕು. ಮುಚ್ಚಿದರು, ಸ್ಕ್ರೂ ಏರಿಸಿದರು, ಗ್ಲಾಸಿಗೆ ಚಹಾ ಕಡಿಮೆ ಹಾಕಿದರು. ಮುಂದೆ ಬಿಚ್ಚುವ ಯಾರೋ ಗುರುತಿಲ್ಲದ ಮೆಕ್ಯಾನಿಕ್‌ಗೆ ಖರೇ ಹೇಳಿದ್ದರು. ಪಕ್ಕದಲ್ಲಿ ನಿಂತ ನನಗೆ ಹೇಳಿರಲಿಲ್ಲ.

ಅವರ ಮಗಳು ಆ ಮನೆಯಲ್ಲಿ ಬಾಳುವೆ ಮಾಡಬೇಕು, ಬೀಗರನ್ನು ಎದುರು ಹಾಕಿಕೊಳ್ಳಲು ಆಗುವುದಿಲ್ಲ. ಅದು ನನಗೆ ಆವತ್ತೇ ಅರ್ಥವಾಯಿತು, ಈಗಲೂ ಅರ್ಥವಾಗುತ್ತದೆ. ಗಾಡಿ ದಾಟಿಸಿದ್ದನ್ನು ಒಂದು ದಿನ ಮರೆಯುತ್ತಿದ್ದೆ. ಆದರೆ ಆಮೇಲೆ ಫೋನಿನಲ್ಲಿ ನಾನು ಆ ಸಪ್ಪಳ ಮಾಡಿದಾಗ ಅವರಿಗೆ ಮೂರನೇ ಸಿಲಿಂಡರ್ ಕೇಳಿಸಿತ್ತು. ಕೇಳಿಸಿಕೊಂಡೇ, ಅದು ನಿನ್ನ ಬಾಯಿ ಎಂದರು. ನಿನ್ನ ಕಾಲು ಎಂದರು. ನನ್ನ ಹತ್ತಿರ ಇದ್ದದ್ದೇ ಅವೆರಡು.

ಆ ಮುಚ್ಚಳವನ್ನು ಚೀಲದಲ್ಲಿ ಹಾಕಿಕೊಂಡು ಶಹಾಬಾದಿಗೆ ಹೋದೆ. ಸೇಡಂನ ಮೆಕ್ಯಾನಿಕ್ ಬೇರೆ ಮುಚ್ಚಳ ಹಾಕಿಕೊಟ್ಟಿದ್ದ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ರಿಹರ್ಸಲ್ ಮಾಡಿದೆ. ಪೊಲೀಸ್ ಸಾಹೇಬರ ದನಿಯಲ್ಲಿ ಒಮ್ಮೆ, ನಮ್ಮಪ್ಪನ ದನಿಯಲ್ಲಿ ಒಮ್ಮೆ. ಉಸ್ತಾದರು ಹಾಸುಗಲ್ಲಿನ ಮೇಲೆ ಕೂತು ಪಾನಾಗಳನ್ನು ಒರೆಸುತ್ತಿದ್ದರು. ತಲೆ ಎತ್ತಿ ಕೇಳಿದರು:

"ಏನ್ ಟೇಪು, ಕಾಲು ಹೆಂಗದ?"

"ಸುಧಾರಿಸ್ಲಿಕತ್ತದ್ರಿ," ಎಂದೆ.

ಅಷ್ಟೇ. ಊರಿನ ಎಲ್ಲರ ದನಿ ಇದ್ದ ಬಾಯಲ್ಲಿ ನನ್ನದೊಂದು ದನಿ ಇರಲಿಲ್ಲ. ಚಹಾ ಕುಡಿ ಎಂದರು. ಕುಡಿ ಎಂದವರು ಗ್ಲಾಸನ್ನು ಅಂಚಿನವರೆಗೆ ತುಂಬಿಸಿ ಕೊಟ್ಟರು. ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕುಡಿದು ಎದ್ದು ಬಂದೆ. ಆಮೇಲೆ ಹೋಗುವುದು ಬಿಟ್ಟೆ. ಅವರೂ ಕರೆಯಲಿಲ್ಲ. ಟೇಪಿಗೆ ಕೆಲಸ ಇರಲಿಲ್ಲ. ನನಗೆ ಬೇಕಾದದ್ದು ಒಂದೇ ಇತ್ತು: ಅವರ ಬಾಯಿಂದ, ಅದು ನಿನ್ನ ತಪ್ಪಲ್ಲ ಎಂಬ ಮಾತು.

ಎರಡು ವರ್ಷದ ಹಿಂದೆ ಅವರ ಸೊಂಟ ಕೇಳದೆ, ಅಂಗಡಿ ಬಿಟ್ಟು ಚಂದಾಪುರಕ್ಕೆ ಮಗನ ಹತ್ತಿರ ಹೋಗುವುದೆಂದಾಯಿತು. ಡ್ರೈವರುಗಳು, ಗಾಡಿ ಮಾಲೀಕರು ಸೇರಿ ಅಂಗಡಿಯ ಮುಂದೆಯೇ ಒಂದು ಶಾಮಿಯಾನ ಹಾಕಿ, ಬೆಳಿಗ್ಗೆ ಹತ್ತಕ್ಕೆ ಸತ್ಕಾರ ಇಟ್ಟರು. ಮಿಮಿಕ್ರಿ ನಾನೇ ಮಾಡಬೇಕು ಎಂದು ಮನೆಗೆ ಬಂದು ಕರೆದರು. ಉಸ್ತಾದರನ್ನು ನನ್ನ ಹಾಗೆ ಬೇರೆ ಯಾರು ಮಾಡುತ್ತಾರೆ? ಹೋದೆ. ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಉಸ್ತಾದರು. ಅವರ ಬಲಕ್ಕೆ, ಕಾಲ ಮೇಲೆ ಕಾಲು ಹಾಕಿಕೊಂಡು ಚಿತ್ತಾಪುರದ ಬೀಗರು.

ಕೆಮ್ಮಿದೆ. ಜನ ಆಗಲೇ ನಗತೊಡಗಿದರು. ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ಪಕ್ಕದ ಮನೆಯ ಜಗಳ ಕೇಳಿದೆ. ಜ್ವರ ಬಂದವನನ್ನು ಓಡಿಸಿದೆ. ಮನೆಯಿಂದ ಒಬ್ಬನನ್ನು ಹೊರಗೆ ಕಳಿಸಿದೆ. ಆಮೇಲೆ ಕುರ್ಚಿ ಒರೆಸಿ, ಓಡಿ ಹೋಗಿ, "ಬರ್ರಿ ಬರ್ರಿ, ಕುಂದ್ರಿ" ಎಂದು ಕಾಣದ ಒಬ್ಬ ದೊಡ್ಡ ಮನುಷ್ಯನನ್ನು ಕೂರಿಸಿದೆ. ಜನಕ್ಕೆ ಯಾರೆಂದು ತಿಳಿಯಲಿಲ್ಲ, ಆದರೂ ನಕ್ಕರು. ಬೀಗರೂ ನಕ್ಕರು. ಕಾಣದ ಗಾಡಿ ಚಾಲೂ ಮಾಡಿದೆ. ಬಾಯಿಂದ ಸದ್ದು ತೆಗೆದೆ, ಉಸಿರು ತೆಗೆದುಕೊಳ್ಳದೆ: ಡುಗು-ಡುಗು-ಪುಸ್, ಡುಗು-ಡುಗು-ಪುಸ್. ಮೇಜಿನ ಮೇಲೆ ಒಂದು ಗಾಜಿನ ಗ್ಲಾಸು ಇಟ್ಟು, ಕೆಟಲಿನಿಂದ ನಿಧಾನವಾಗಿ ಚಹಾ ಸುರಿದೆ. ಅರ್ಧಕ್ಕೆ ನಿಲ್ಲಿಸಿದೆ.

"ತುಂಬ್ಸೋ, ಏ, ಮರ್ತೀಯೇನು?" ಎಂದು ಹಿಂದಿನಿಂದ ಯಾರೋ ಕೂಗಿದರು.

ನಾನು ತುಂಬಿಸಲಿಲ್ಲ. ಉಸ್ತಾದರನ್ನೇ ನೋಡುತ್ತ ನಿಂತೆ.

ಅವರು ಸ್ವಲ್ಪ ಹೊತ್ತು ಗ್ಲಾಸು ನೋಡಿದರು. ಖುಹ್, ಖುಹ್ ಎಂದರು. ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಸೊಂಟ ಹಿಡಿದುಕೊಂಡು ಎದ್ದು ಬಂದರು. ಮೈಕು ಇತ್ತು, ಅದರಿಂದ ದೂರ ನಿಂತರು.

"ಬರೋಬ್ಬರಿ ಇಲ್ಲ," ಎಂದರು. ಜನ ಚಪ್ಪಾಳೆ ಹೊಡೆದರು. ಉಸ್ತಾದರ ಆ ಮಾತು ಎಲ್ಲರಿಗೂ ಗೊತ್ತಿತ್ತು.

ಗ್ಲಾಸು ಎತ್ತಿಕೊಂಡು, ಹಾಸುಗಲ್ಲಿನ ಮೇಲೆ ಚಹಾ ಚೆಲ್ಲಿದರು. ಸ್ವಲ್ಪ ಚೆಲ್ಲಿ, ಕಣ್ಣ ಎತ್ತರಕ್ಕೆ ಹಿಡಿದು ನೋಡಿ, ಇನ್ನಷ್ಟು ಚೆಲ್ಲಿದರು. ತಳದಲ್ಲಿ ಎರಡು ಬೆರಳಿನಷ್ಟು ಉಳಿಯಿತು. ಅದನ್ನು ನನ್ನ ಮುಂದೆ ಮೇಜಿನ ಮೇಲೆ ಇಟ್ಟರು.

"ಅರ್ಧ ಇದ್ದಿಲ್ಲ. ಇಷ್ಟೇ ಇತ್ತು." ಮತ್ತೆ, ಇನ್ನೂ ಮೆಲ್ಲಗೆ, "ಈಗ ಬರೋಬ್ಬರಿ ಆಯ್ತು."

ಜನ ನಗುತ್ತಲೇ ಇದ್ದರು. ಅವರು ವಾಪಸ್ ಹೋಗಿ, ಶಾಲು ಹೊದ್ದು, ಬೀಗರ ಪಕ್ಕ ಕೂತರು. ಬೀಗರು ಏನೋ ಕೇಳಿದರು. ಉಸ್ತಾದರು ಶಾಲಿನ ಅಂಚು ಸರಿ ಮಾಡಿಕೊಂಡರು. ಎಷ್ಟೋ ವರ್ಷ ಕಾದ ಒಂದು ಮಾತು ನನಗೆ ಸಿಕ್ಕಿತ್ತು, ಮತ್ತು ಅದು ನನಗೆ ಬೇಕಾದ ಮಾತಾಗಿರಲಿಲ್ಲ. ಕಾಲಿನ ವಿಷಯ ಅವರು ಹೇಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಈಗ ಹೇಳುವವರೇ ಇಲ್ಲ.

ಈಗ ನನ್ನ ಹತ್ತಿರ ಬೇರೆ ಕಾರಿದೆ. ಕಾರ್ಬುರೇಟರ್ ಇಲ್ಲ, ಸ್ಕ್ರೂ ಇಲ್ಲ. ಎಂಜಿನ್ ನಿಧಾನ ಓಡುವುದನ್ನು ಒಳಗಿನ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಟೀಚರುಗಳು ಮತ್ತೆ ಬರುತ್ತಿದ್ದಾರೆ. ಈ ಗಾಡಿ ಒಂದು ದಿನವೂ ಬಂದ್ ಬಿದ್ದಿಲ್ಲ, ಬೀಳುವುದೂ ಇಲ್ಲ. ಆದರೂ ವಾಡಿಯ ಗೇಟಿನ ಹಂಪು ಬಂದರೆ ನನ್ನ ಬಲಗಾಲು ತಾನಾಗಿ ಅಡ್ಡ ತಿರುಗುತ್ತದೆ. ಬೆರಳು ಬ್ರೇಕಿನ ಮೇಲೆ, ಹಿಮ್ಮಡ ರೇಸಿನ ಮೇಲೆ. ಹಿಂದಿನ ಸೀಟಿನಿಂದ ಹಿರಿಯ ಟೀಚರು, "ಇನ್ನೂ ಸರಿ ಆಗಿಲ್ಲೇನೋ ತಮ್ಮಾ ಕಾಲು?" ಎನ್ನುತ್ತಾರೆ.

ಉಸ್ತಾದರನ್ನು ನಂಬುವುದನ್ನು ನಾನು ಸೇಡಂನಲ್ಲೇ ಬಿಟ್ಟೆ. ಕಾಲು ಇನ್ನೂ ಬಿಟ್ಟಿಲ್ಲ.